ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಾಕ್ಯ ಕಟ್ಟುವ ಸ್ತಾಮೆನಾ

ಬೆಳಗಿನ ಆರೂವರೆ. ಸ್ತುದೆನ್ ದೋಲ್ ಊರಿನ ಶಾಲೆಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಸ್ತಾಮೆನಾ ಲಿಲೋವಾ ಮಂಡಿಯೂರಿ ಕುಳಿತು ಕಬ್ಬಿಣದ ಒಲೆಗೆ ಸೌದೆ ತುರುಕುತ್ತಿದ್ದಾರೆ. ಒಲೆ ಹೊಗೆ ಕಾರುತ್ತದೆ. ಹಟಮಾರಿ ಹುಡುಗನನ್ನು ಗದರುವಂತೆ ಅವರು ಅದನ್ನು ಗದರುತ್ತಾರೆ. ಬೆಂಕಿ ಹಿಡಿದ ಮೇಲೆ ಕೈ ಒರೆಸಿಕೊಂಡು ಹಲಗೆಯ ಮುಂದೆ ನಾಲ್ಕು ಕುರ್ಚಿಗಳನ್ನು ಸಾಲಾಗಿ ಇಡುತ್ತಾರೆ. ಒಂದೊಂದರ ಮೇಲೂ ಒಂದು ರಟ್ಟು, ಒಂದೊಂದು ರಟ್ಟಿನ ಮೇಲೂ ಒಂದು ಇಂಗ್ಲಿಷ್ ಪದ. ಆಮೇಲೆ ಆ ಖಾಲಿ ಕುರ್ಚಿಗಳಿಗೆ ವಾಕ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ.

"ಇನ್ಯಾರ ಹತ್ರ ಇಂಗ್ಲಿಷ್ ಮಾತಾಡ್ಲಿ ಹೇಳಿ?" ಎನ್ನುತ್ತಾರೆ. "ಮನೇಲಿ ಬೆಕ್ಕಿನ ಹತ್ರ ಮಾತಾಡಿ ನೋಡ್ದೆ. ಅದೂ ಎದ್ದು ಹೋಯ್ತು."

ಸ್ತಾಮೆನಾ ಮೇಡಂಗೆ ಈಗ ಅರವತ್ತೊಂದು. ಮೊದಲು ಅವರು ರಷ್ಯನ್ ಕಲಿಸುತ್ತಿದ್ದರು. ಕಾಲ ತಿರುಗಿತು, ನಮ್ಮ ಬಲ್ಗೇರಿಯಾದ ಶಾಲೆಗಳಲ್ಲಿ ರಷ್ಯನ್ ಯಾರಿಗೂ ಬೇಡವಾಯಿತು. ಆರು ತಿಂಗಳ ತರಬೇತಿ ಕೊಟ್ಟು, ನಾಳೆಯಿಂದ ನೀವು ಇಂಗ್ಲಿಷ್ ಮೇಡಂ ಎಂದು ಕಳಿಸಿಬಿಟ್ಟರು. ಈಜು ಬಾರದವರನ್ನು ಡ್ಯಾನ್ಯೂಬಿಗೆ ತಳ್ಳಿ ದಡದಲ್ಲಿ ಕೈಕಟ್ಟಿ ನಿಲ್ಲುವುದು ನಮ್ಮ ದೊಡ್ಡವರಿಗೆ ಹೊಸದೇನಲ್ಲ.

"ಮಕ್ಕಳು ಐದನೇ ಪಾಠದಲ್ಲಿದ್ರೆ ನಾನು ಆರನೇದರಲ್ಲಿ. ಒಂದ್ಸಲ ಜ್ವರ ಬಂದು ವಾರ ಮಲಗ್ದೆ ನೋಡಿ, ನನ್ನನ್ನೇ ಹಿಂದೆ ಹಾಕ್ಬಿಟ್ರು!" ಎಂದು ನಗುತ್ತಾರೆ.

ಓದಿ ಅರ್ಥವಾಗದ್ದನ್ನು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ ಕಲಿಸುವ ಉಪಾಯ ಅವರಿಗೆ ಹೊಳೆದದ್ದು ಆಗಲೇ. ನಮ್ಮ ಮಾತಿನಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ನಡೆಯುತ್ತದೆ. "ಬಂದೆ" ಅಂದರೆ ಸಾಕು, ಬಂದವರು ಯಾರೆಂದು ಬೇರೆ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, ಅವರವರ ಜಾಗದಲ್ಲಿ ಅವರವರು ನಿಲ್ಲಬೇಕು. ನಮ್ಮ ಮಕ್ಕಳು ಎಡವುವುದೇ ಅಲ್ಲಿ. ಮೊದಲ ಜಾಗವನ್ನು ಖಾಲಿ ಬಿಟ್ಟು ವಾಕ್ಯ ಶುರು ಮಾಡುತ್ತಾರೆ. ಅದಕ್ಕೇ ಮೇಡಂ ಒಂದೊಂದು ಮಗುವಿನ ಕೈಗೂ ಒಂದೊಂದು ಪದ ಕೊಟ್ಟು ಸಾಲು ನಿಲ್ಲಿಸಿದರು. ಯಾರೂ ಇಲ್ಲದ ಜಾಗ ಆಗ ಕಣ್ಣಿಗೇ ಕಾಣುತ್ತದೆ. ಕರ್ತೃವಾಗಲು ಎಲ್ಲರಿಗೂ ಆಸೆ, ಸಹಾಯಕ ಕ್ರಿಯಾಪದವಾಗಲು ಯಾರೂ ಮುಂದೆ ಬರುತ್ತಿರಲಿಲ್ಲ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಆಗ ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಉದ್ದದ ವಾಕ್ಯ ಕಟ್ಟಿದರೆ ಸಾಲು ಬಾಗಿಲು ದಾಟಿ ಮೆಟ್ಟಿಲಿನವರೆಗೆ ಹೋಗುತ್ತಿತ್ತು. ಬಾಯಿ ಬಿಡಲು ನಾಚುವ ಮಗುವಿಗೆ ಪೂರ್ಣವಿರಾಮದ ರಟ್ಟು ಸಿಗುತ್ತಿತ್ತು.

ಈಗ ಆರು ಮತ್ತು ಏಳನೇ ತರಗತಿ ಸೇರಿಸಿದರೂ ಮೂರೇ ಮಕ್ಕಳು: ದಾರಿನಾ, ಕಮೆನ್, ಅಸೆನ್. ಪ್ರಶ್ನೆ ಕೇಳುವ ವಾಕ್ಯಕ್ಕೆ ನಾಲ್ವರು ಬೇಕು. ಹಾಗಾಗಿ ಅಡುಗೆಯ ಯೋಂಕಾಳನ್ನು ಕರೆಯುತ್ತಾರೆ. ಆಕೆ ಹುರುಳಿಕಾಯಿ ಸಾರಿನ ಸೌಟು ಹಿಡಿದೇ ಬಂದು ಸಾಲಿನ ತಲೆಗೆ ನಿಲ್ಲುತ್ತಾಳೆ. ಪ್ರಶ್ನೆಯ ಮೊದಲಿಗೆ ಬರುವ, ತನ್ನದೇ ಅರ್ಥವಿಲ್ಲದ 'ಡೂ' ಪದದ ಜಾಗ ಅದು.

"ಇವತ್ತು ನಾನೇನು ಮೇಡಂ? ನಿನ್ನೆ ಥರ ಸುಮ್ನೆ ನಿಂತ್ಕೊಳೋದೇ ತಾನೆ?"

"ಯೋಂಕಕ್ಕ, ನಿಮ್ಗೆ ಅರ್ಥಾನೇ ಇಲ್ಲ," ಎಂದು ಕಮೆನ್ ಕಿಚಾಯಿಸುತ್ತಾನೆ.

"ಅರ್ಥ ಇಲ್ದೋಳು ಬಡಿಸ್ದೆ ಇದ್ರೆ ಮಧ್ಯಾಹ್ನ ಗೊತ್ತಾಗತ್ತೆ, ನಿಂತ್ಕೊ ಸುಮ್ನೆ."

ಇಲ್ಲಿನ ಪಾಠ ಮುಗಿದರೆ ಬಸ್ಸು ಹಿಡಿದು ಇನ್ನೆರಡು ಊರು. ದಿನಕ್ಕೆ ನಲವತ್ತು ಕಿಲೋಮೀಟರು, ವಾರಕ್ಕೆ ಇಪ್ಪತ್ತಾರು ಪಾಠ, ಮೂರೂರು ಸೇರಿ ಹನ್ನೊಂದು ಮಕ್ಕಳು. ಮದುವೆಯಾಗಲಿಲ್ಲ. ಸಂಜೆ ಒಬ್ಬರೇ ಬ್ರೆಡ್ಡು, ಮೊಸರು ಮುಂದಿಟ್ಟುಕೊಂಡು ನಾಳೆಯ ರಟ್ಟು ಬರೆಯುತ್ತಾರೆ.

ಅವರ ಬಗ್ಗೆ ಬರೆಯಲೆಂದು ನಾನು ಶಾಲೆಗೆ ಹೋದ ಮಂಗಳವಾರ ಅವರ ಮುಖ ಸಪ್ಪಗಿದೆ. ಪುರಸಭೆಯಿಂದ ಕಾಗದ ಬಂದಿದೆ: ಏಪ್ರಿಲ್ ಕೊನೆಗೆ ಮೂರು ಮಕ್ಕಳಿದ್ದರೆ ತರಗತಿ ಇನ್ನೊಂದು ವರ್ಷ ಉಳಿಯುತ್ತದೆ, ಒಬ್ಬರು ಕಡಿಮೆಯಾದರೂ ಬಾಗಿಲು ಹಾಕುತ್ತಾರೆ. ಅದೇ ವಾರ ದಾರಿನಾಳ ಅಮ್ಮ ವೆಲಿಚ್ಕಾ ಬಂದಿಳಿದಿದ್ದಾಳೆ. ಐರ್ಲೆಂಡಿನ ಅಣಬೆ ತೋಟದಲ್ಲಿ ಆಕೆಗೆ ಕೆಲಸ. ಮಗಳನ್ನು ಕರೆದೊಯ್ಯಬೇಕೋ ಬೇಡವೋ ಎಂದು ಕೇಳಲು ಶಾಲೆಗೇ ಬರುತ್ತಾಳೆ.

"ಅಲ್ಲಿ ವಾಕ್ಯ ನೆಟ್ಟಗೆ ಬರಿಯೋಕೆ ಬರ್ಲಿಲ್ಲಾಂದ್ರೆ ಒಂದು ಕ್ಲಾಸು ಕೆಳಗೆ ಕೂರಿಸ್ತಾರಂತೆ ಮೇಡಂ. ಇವಳೋ ನಾಚಿಕೆ ಮುದ್ದೆ, ಕುಗ್ಗಿ ಹೋಗ್ತಾಳೆ. ಇನ್ನೂ ಆಗಿಲ್ಲ ಅಂತ ನೀವಂದ್ರೆ ಜೂನ್‌ವರೆಗೂ ಅಜ್ಜಿ ಹತ್ರಾನೇ ಬಿಟ್ಟಿರ್ತೀನಿ. ನೀವು ಹೇಳ್ದಂಗೆ."

ಯೋಂಕಾ ಬಾಗಿಲಲ್ಲಿ ನಿಂತು ಮೇಡಂಗೆ ಕಣ್ಣಲ್ಲೇ ಸನ್ನೆ ಮಾಡುತ್ತಾಳೆ. ಒಂದು "ಇಲ್ಲ" ಅಂದರೆ ತರಗತಿ ಉಳಿಯುತ್ತದೆ. ನಾನಾಗಿದ್ದರೆ ಏನನ್ನುತ್ತಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ. ನಾನು ಅಷ್ಟೇನೂ ಒಳ್ಳೆಯ ಮನುಷ್ಯನಲ್ಲ.

ಮೇಡಂ ಹುಡುಗಿಯ ಮುಂದೆ ಒಂದು ಹಾಳೆ ಇಡುತ್ತಾರೆ. "ನಿಮ್ಮಜ್ಜಿ ಅಡುಗೆಮನೆ ಬಗ್ಗೆ ಹತ್ತು ವಾಕ್ಯ ಬರಿ." ದಾರಿನಾ ಇಪ್ಪತ್ತು ನಿಮಿಷ ತಲೆ ಎತ್ತದೆ ಬರೆಯುತ್ತಾಳೆ. ಆಮೇಲೆ ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದುತ್ತಾರೆ. ಮುಗಿಸಿ, ಮತ್ತೆ ಮೊದಲಿನಿಂದ ಓದುತ್ತಾರೆ. ಎರಡನೆಯ ಸಲ ಅವರು ತಪ್ಪನ್ನು ಹುಡುಕುತ್ತಿದ್ದಾರೆಂದು ನನಗನ್ನಿಸುತ್ತದೆ. ಒಂದಾದರೂ ಸಿಗಲಿ ದೇವರೇ ಎಂದು ನಾನೂ ಬೇಡಿಕೊಳ್ಳುತ್ತೇನೆ. ಪೆನ್ನು ಹಾಳೆಗೆ ತಾಗುವುದೇ ಇಲ್ಲ.

"ಕರ್ಕೊಂಡು ಹೋಗಿ," ಎನ್ನುತ್ತಾರೆ. "ಇವಳಿಗೆ ಕಲಿಸೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ."

ತಾಯಿ ಮಗಳು ಹೋದ ಮೇಲೆ ಯೋಂಕಾ ರೇಗುತ್ತಾಳೆ. "ಒಂದೇ ಒಂದು ಮಾತು ಮೇಡಂ. ನಾಲಿಗೆ ಸವೀತಿತ್ತಾ?"

"ಆ ಹುಡುಗಿ ಮುಂದೆ ಸುಳ್ಳು ಹೇಳೋಕೆ ನಂಗಾಗಲ್ಲ ಯೋಂಕಾ. ನೀನು ಹೋಗು, ಸಾರು ತಳ ಹಿಡಿಯತ್ತೆ."

ಬಸ್ ನಿಲ್ದಾಣದವರೆಗೆ ನಾನೂ ಮೇಡಂ ಜೊತೆ ನಡೆಯುತ್ತೇನೆ. ಮೇ ತಿಂಗಳಿನಿಂದ ಈ ಊರಿಗೆ ಬರಲು ಅವರಿಗೆ ಕಾರಣವೇ ಇರುವುದಿಲ್ಲ. ಏನಾದರೂ ಕೇಳಬೇಕಲ್ಲ ಎಂದು, ಇನ್ನೇನು ಆಸೆ ಇದೆ ಮೇಡಂ ಎನ್ನುತ್ತೇನೆ. ಅವರು ತಲೆಗೆ ಕಟ್ಟಿದ ವಸ್ತ್ರವನ್ನು ಬಿಗಿ ಮಾಡಿಕೊಳ್ಳುತ್ತಾರೆ.

"ಅಲ್ಲಿನ ಮೇಷ್ಟ್ರು ದಾರಿನಾ ಪುಸ್ತಕ ತಿದ್ದುತ್ತಾರಲ್ಲ, ಮೊದಲನೇ ಪುಟದ್ದೊಂದು ಫೋಟೊ ತೆಗ್ದು ಕಳ್ಸು ಅಂತ ಅವಳಿಗೆ ಹೇಳಿದೀನಿ. ಕೆಂಪು ಗೆರೆ ಇದ್ರೂ ಪರವಾಗಿಲ್ಲ, ಕಳ್ಸು ಅಂದೆ. ಇಂಗ್ಲಿಷ್ ಮನೆಮಾತಾಗಿರೋರು ಯಾರೂ ಮೂವತ್ತೆರಡು ವರ್ಷದಲ್ಲಿ ನನ್ನ ಪೇಪರ್ ನೋಡಿಲ್ಲ."