ಲಂಡನ್ನಿಗೆ ಹೊರಟ ಗಂಟು

ಭೂಗೋಳದ ಮೇಷ್ಟ್ರುಗಳಿಗೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವಿಲ್ಲ. ಎಪ್ಪತ್ತರ ದಶಕದಲ್ಲಿ ಮದ್ದೂರಿನ ಹೈಸ್ಕೂಲಿನಲ್ಲಿ ಆ ಕೆಲಸದಲ್ಲಿದ್ದ ನಾನು, ಬೊಂಬಾಯಿಗೂ ಲಂಡನ್ನಿಗೂ ಎಷ್ಟು ದೂರವೆಂದು ಯಾರಾದರೂ ಕೇಳಲೆಂದೇ ಕಾದಿರುತ್ತಿದ್ದೆ. ಕೊನೆಗೂ ಕೇಳಿದವರು ಬೆಸಗರಹಳ್ಳಿಯ ನಮ್ಮತ್ತೆ, ನನ್ನ ಹೆಂಡತಿ ಜಯಮ್ಮನ ತಾಯಿ. ಅವರ ಕಿರಿಯ ಮಗಳಿಗೆ ಲಂಡನ್ನಿನಲ್ಲಿ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅವರು ಹೋಗಲೇಬೇಕಿತ್ತು.

ನಾಲ್ಕೂವರೆ ಸಾವಿರ ಮೈಲಿ, ಹತ್ತು ಗಂಟೆ ಹಾರಾಟ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ವಿಮಾನ ಏಳುವುದು ಸೋಮವಾರ ಬೆಳಗ್ಗೆ, ಸರಿಯಾಗಿ ರಾಹುಕಾಲ ಶುರುವಾಗುವ ಹೊತ್ತಿಗೆ. ಅತ್ತೆ ಪಂಚಾಂಗ ನೋಡಿಸಿಕೊಂಡೇ ಬಂದಿದ್ದರು. “ಒಂದೂವರೆ ಗಂಟೆ ತಾನೆ, ಕಣ್ಮುಚ್ಕಂಡು ಕೂತಿರ್ತೀನಿ ಬುಡಿ” ಎಂದು ಧೈರ್ಯವನ್ನೂ ತಂದುಕೊಂಡಿದ್ದರು. ನಾನು ಬಿಡಬೇಕಲ್ಲ! ವಿಮಾನ ಸೂರ್ಯನ ಬೆನ್ನು ಹಿಡಿದು ಪಶ್ಚಿಮಕ್ಕೆ ಓಡುತ್ತದೆ, ಹೋದಲ್ಲೆಲ್ಲ ಆಗಷ್ಟೇ ಬೆಳಗಾಗಿರುತ್ತದೆ, ಹಾಗಾಗಿ ಒಂದೂವರೆ ಗಂಟೆಯ ರಾಹುಕಾಲವೂ ಮೂರು ಗಂಟೆಗೂ ಮೀರಿ ಹಿಗ್ಗೀತು ಎಂದು ಕಿತ್ತಳೆಹಣ್ಣು ತಿರುಗಿಸಿ ತೋರಿಸಿದೆ.

ಅತ್ತೆ ಜಗಲಿಯ ಮೇಲೆ ಕೂತೇಬಿಟ್ಟರು. “ಅಂಗಾರೆ ನಾ ವೋಗಕಿಲ್ಲ.” ಜಯಮ್ಮ ನನ್ನನ್ನು ನೋಡಿದ ನೋಟಕ್ಕೆ ಕಿತ್ತಳೆಹಣ್ಣು ಕೈಜಾರಿತು. ನಿಜವಾಗಿ ಹೆದರಿದೆ. ಅಲ್ಲಿ ದಿನ ತುಂಬಿದ ಹುಡುಗಿ ತಾಯಿಯ ದಾರಿ ಕಾಯುತ್ತಿದ್ದಳು, ಇಲ್ಲಿ ನಾನು ಆ ದಾರಿಗೆ ಕಲ್ಲು ಹಾಕಿದ್ದೆ.

ಪುಣ್ಯಕ್ಕೆ ಅತ್ತೆಯೇ ಉಪಾಯ ಕಂಡುಕೊಂಡರು: ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ರಾಹುವೂ ಏನೂ ಮಾಡುವಂತಿಲ್ಲ. ಶುಕ್ರವಾರ ಒಂದು ಸೀರೆ, ಅರಿಶಿನದ ಕೊಂಬು, ಬಾಣಂತಿ ಲೇಹ್ಯದ ಡಬ್ಬಿ ಗಂಟಾಗಿ ಬಂದು ನಮ್ಮ ನಡುಮನೆಯ ಗೂಡಿನಲ್ಲಿ ಕೂತವು. “ನಾನಾಗ್ಲೆ ಹೊಂಟೆ ಕಣಮ್ಮ” ಎಂದು ಮಗಳಿಗೆ ಹೇಳಿ, ಅತ್ತೆ ಬಸ್ಸು ಹತ್ತಿ ಊಟಕ್ಕೆ ಬೆಸಗರಹಳ್ಳಿಗೆ ಹೋದರು.

ರೈಲು ಹತ್ತುವ ದಿನ ಕಳಿಸಲು ಬಂದವರೆಲ್ಲ ಗಂಟನ್ನು ಇನ್ನೊಬ್ಬರು ತಂದಿದ್ದಾರೆಂದುಕೊಂಡರು. ಅತ್ತೆ ಹೆರಿಗೆಗೆ ಮುಂಚೆಯೇ ಲಂಡನ್ ಮುಟ್ಟಿದರು. ಗಂಟು ಗೂಡಿನಲ್ಲೇ ಉಳಿಯಿತು. ತೆಗೆದಿಡೋಣವೆಂದರೆ ಜಯಮ್ಮ ಬಿಡಲಿಲ್ಲ. “ಸಾಸ್ತ್ರದ ಪ್ರಕಾರ ಅವ್ವ ಇಲ್ಲೇ ಅವಳೆ ಕಣ್ರೀ.” ಅತ್ತೆ ಪರದೇಶದಲ್ಲಿದ್ದರೆ ಅಳಿಯ ಆರಾಮವಾಗಿರುತ್ತಾನೆ ಎನ್ನುವವರಿಗೆ ಏನು ಗೊತ್ತು? ಆರು ತಿಂಗಳು ನಾನು ನಡುಮನೆಯಲ್ಲಿ ಕಾಲಮೇಲೆ ಕಾಲು ಹಾಕಲಿಲ್ಲ, ಬೀಡಿ ಹಚ್ಚಲಿಲ್ಲ. ಸಾರಿಗೆ ಉಪ್ಪು ಸಾಲದೆಂದು ಆ ಗಂಟಿನೆದುರು ಹೇಳುವುದಾದರೂ ಹೇಗೆ? ಜಯಮ್ಮ ಮಾತ್ರ ಸೊಪ್ಪು ಬಿಡಿಸುತ್ತ ಅದರೊಡನೆ ದಿನವೂ ಮಾತಾಡುತ್ತಿದ್ದಳು.

ವಾಪಸು ಬಂದ ಅತ್ತೆ ನೆಟ್ಟಗೆ ನಮ್ಮ ಮನೆಗೆ ಬಂದು ಗೂಡಿಗೆ ಕೈಹಾಕಿದರು. “ಮೊದ್ಲು ಹೊಂಟಿದ್ದು ಇದು. ಇದು ಮನೆ ಸೇರ್ದೆ ನಾ ಬಂದಂಗಾಯ್ತದಾ, ಅಳೀಮಯ್ಯ?” ಎಂದು ಗಂಟನ್ನು ಕಂಕುಳಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತಿದರು.

ಅವರನ್ನು ಕಳಿಸಿ ಬಂದರೆ ಜಯಮ್ಮ ಖಾಲಿ ಗೂಡಿನೆದುರು ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿ ಲಂಡನ್ನಿಗೆ ಹೋದ ದಿನ ಒಂದು ಹನಿ ಹಾಕಿರಲಿಲ್ಲ. ಬೆಸಗರಹಳ್ಳಿ ಇಲ್ಲಿಂದ ಎಷ್ಟು ಹತ್ತಿರವೆಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ, ಮುಚ್ಚಿಕೊಂಡೆ.