ಸೇತುವೆ ಎತ್ತುತ್ತಿದ್ದ ಮಾವ

ನಮ್ಮ ಬೀದಿಯ ಕಾಲುವೆಗೆ ಹಾಕಿರುವ ಕಾಲ್ನಡಿಗೆ ಸೇತುವೆ ಈಗ ಗುಂಡಿ ಒತ್ತಿದರೆ ಸದ್ದಿಲ್ಲದೆ ಏಳುತ್ತದೆ, ಇಳಿಯುತ್ತದೆ. ಊರಿಗೆ ಲಾಭ, ನನಗೆ ನಷ್ಟ. ಆಫೀಸಿಗೆ ತಡವಾದರೆ "ಸೇತುವೆ ಎತ್ತಿದ್ರು ಸಾರ್" ಅನ್ನುವ ಹಾಗಿಲ್ಲ. ಅದೊಂದೇ ಮಾತಿನಿಂದ ವರ್ಷಗಟ್ಟಲೆ ನೌಕರಿ ಉಳಿಸಿಕೊಂಡ ಗಂಡಸು ನಾನು.

ಆಗ ಅದನ್ನು ಎತ್ತುತ್ತಿದ್ದವನು ನನ್ನ ಸೋದರಮಾವ. ದಡದಲ್ಲಿ ತಗಡಿನ ಗೂಡು, ಒಳಗೆ ಅವನದೇ ಒಂದು ಸ್ಟೂಲು, ಎಣ್ಣೆ ಕುಡಿದು ಕಪ್ಪಾದ ದೊಡ್ಡ ಚಕ್ರ. ತಿರುವಿನಾಚೆ ದೋಣಿ ಹಾರನ್ ಹೊಡೆದರೆ ಮಾವ ಗಂಟೆ ಬಾರಿಸಿ, ಜನರನ್ನು ಇಳಿಸಿ, ಚಕ್ರ ತಿರುಗಿಸುತ್ತಿದ್ದ. ಕಾಯುತ್ತಾ ನಿಂತವರಿಗೆ ನನ್ನನ್ನು ತೋರಿಸಿ, ದೋಣಿಗಾದರೂ ಇಷ್ಟು ಜನ ಕಾಯ್ತಾರೆ, ಇವನಿಗೆ ಒಂದು ಹುಡುಗಿಯೂ ಕಾಯಲಿಲ್ಲ ಅನ್ನುತ್ತಿದ್ದ. ಈಗ ಕಾಯುವವರು ಮೊಬೈಲು ನೋಡುತ್ತಾರೆ. ರೇಗಿಸುವವರೇ ಇಲ್ಲ.

ಮಾವನ ಕಿವಿ ಮಂದವಾಗುತ್ತಾ ಬಂದದ್ದು ಬೀದಿಗೆಲ್ಲ ಗೊತ್ತಿತ್ತು, ಅವನಿಗೆ ಸಂಬಳ ಕೊಡುವ ಕಾಲುವೆ ಕಚೇರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಆ ಗೂಡು ಬಿಟ್ಟರೆ ಮಾವನಿಗೆ ಬೇರೆ ಲೋಕವಿರಲಿಲ್ಲ. ಹಾಗಾಗಿ ಹಾರನ್ ಕೇಳಿದೊಡನೆ ಎದುರು ಮನೆಯ ಟೈಲರಮ್ಮ ಮಿಷನ್ ನಿಲ್ಲಿಸಿ ಕಿಟಕಿಯಲ್ಲಿ ಬಟ್ಟೆ ಕೊಡವುತ್ತಿದ್ದರು. ಅದನ್ನು ಕಂಡು ಮಾವ ಏಳುತ್ತಿದ್ದ. ಈ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಗೂಡಿನ ಬಾಗಿಲಲ್ಲೇ ನಿಂತರು. ಭಾರಿ ಆಳು; ಟೈಲರಮ್ಮನ ಕಿಟಕಿ ಪೂರ್ತಿ ಮರೆಯಾಯಿತು. ಹಾರನ್ ಆಯಿತು. ಟೈಲರಮ್ಮ ಕೊಡವಿದ್ದೇ ಕೊಡವಿದ್ದು. ಸೇತುವೆಯ ನಡುವಿದ್ದ ನಾನು ಊಟದ ಚೀಲ ಎತ್ತಿ ಬೀಸಿದೆ. ಮಾವ ಪಕ್ಕದ ಕಿಂಡಿಯಿಂದ ನನ್ನನ್ನು ನೋಡಿ, ಸಂತೋಷವಾಗಿ ಟಾಟಾ ಮಾಡಿದ.

ಕೊನೆಗೆ ಸೇತುವೆಯ ಮೇಲಿದ್ದ ನಾವೆಲ್ಲ ದಡಕ್ಕೆ ಓಡಿದ್ದು ಕಂಡು ಚಕ್ರಕ್ಕೆ ಕೈ ಹಾಕಿದ. ಅಷ್ಟರಲ್ಲಿ ದೋಣಿಯವನು ಗಳವನ್ನು ಕಂಬಕ್ಕೆ ಒತ್ತಿ, ಸೇತುವೆಗೆ ಇನ್ನು ಗೇಣುದ್ದ ದೂರ ಇರುವಾಗ ದೋಣಿ ನಿಲ್ಲಿಸಿದ್ದ.

ಇವರಿಗೆ ಕಿವಿ ಕೇಳಿಸುತ್ತದೆಯೇ ಎಂದು ಇನ್ಸ್‌ಪೆಕ್ಟರು ನಮ್ಮನ್ನು ಕೇಳಿದರು. ಚೆನ್ನಾಗಿ ಕೇಳಿಸುತ್ತದೆ ಅಂದೆವು, ಒಬ್ಬರಾದ ಮೇಲೊಬ್ಬರು. ಇರುವೆ ನಡೆದರೂ ಗೊತ್ತಾಗುತ್ತದೆ ಎಂದು ನಾನು ಒಗ್ಗರಣೆ ಹಾಕಿದೆ. ಮಾವ ನಮ್ಮ ತುಟಿಗಳನ್ನೇ ನೋಡುತ್ತಿದ್ದ.

"ಇಲ್ಲ ಸಾಹೇಬ್ರೆ, ಕೇಳಿಸಲ್ಲ," ಅಂದ. "ಇವರೆಲ್ಲ ನನ್ನ ಕಡೆಯವರು, ಹಾಗೇ ಹೇಳ್ತಾರೆ."

ಸಂಜೆ ಅವನ ಸ್ಟೂಲು ಹೊತ್ತುಕೊಂಡು ಇಬ್ಬರೂ ಮನೆಗೆ ನಡೆದೆವು. ಒಪ್ಪಿಕೊಳ್ಳುವ ದರ್ದು ಏನಿತ್ತು ಎಂದು ಕಿವಿಯ ಹತ್ತಿರ ಕೂಗಿ ಕೇಳಿದೆ.

"ದೋಣಿಯವನ ಕೈ ಇನ್ನೂ ನಡುಗ್ತಿತ್ತು ಕಣೋ," ಅಂದ ಮಾವ. "ನೀವೆಲ್ಲ ನನ್ನ ಮುಖಾನೇ ನೋಡ್ತಾ ಇದ್ರಿ."