ಕೋರ್ ತೊಳೆದ ನೀರು

ಕೊರೊನಾ ನಿರ್ಬಂಧಗಳು ಪೂರ್ಣವಾಗಿ ತೆರವಾದ ವರ್ಷದ ನವೆಂಬರಿನಲ್ಲಿ ನಾನು ಒಂದು ಖಾಸಗಿ ಗಣಿ ಕಂಪನಿಯ ಕಿರಿಯ ಭೂವಿಜ್ಞಾನಿಯಾಗಿ ಗುರುವಾಯನಕೆರೆಗೆ ಬಂದೆ. ಕಚೇರಿ ಎಂದರೆ ಪೇಟೆಯ ಒಂದು ಟೈಲ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳು. ಕಾರ್ಯಕ್ಷೇತ್ರ, ಮೂಡುಬಿದಿರೆಯ ಕಡೆಗೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದ್ದ ನಲವತ್ತು ಎಕ್ರೆಯ ಒಂದು ಬೋಳುಗುಡ್ಡ. ಅಲ್ಲಿ ಕಬ್ಬಿಣದ ಅದಿರು ಎಷ್ಟಿದೆ, ಯಾವ ಗುಣಮಟ್ಟದ್ದು, ತೆಗೆದರೆ ಗಿಟ್ಟುತ್ತದೆಯೇ ಎಂಬುದನ್ನು ಪರಿಶೀಲಿಸಿ ವರದಿ ಬರೆಯುವುದು ನನ್ನ ಹೊಣೆಯಾಗಿತ್ತು. ಆರು ತಿಂಗಳ ಪ್ರೊಬೇಷನ್ ಅವಧಿಯಲ್ಲಿ ನಾನು ಸಹಿ ಹಾಕಬೇಕಾಗಿದ್ದ ಮೊದಲ ವರದಿಯೂ ಅದೇ.

ನನ್ನ ಹಿನ್ನೆಲೆಯನ್ನು ಹೇಳದಿದ್ದರೆ ಮುಂದಿನದು ಸ್ಪಷ್ಟವಾಗದು. ನಮ್ಮ ಮನೆ ಬಂಟ್ವಾಳ ತಾಲೂಕಿನಲ್ಲಿದೆ. ತಂದೆಯವರು ಮುರಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪುಕಲ್ಲಿನ, ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದರು. ನಮ್ಮ ಕುಟುಂಬದಲ್ಲಿ ಪದವಿ ಪಡೆದವನು ನಾನೇ ಮೊದಲು. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಬೀದರಿನಿಂದ ಮೈಸೂರಿನವರೆಗಿನ ಹುಡುಗರಿದ್ದರು. ತುಳು ಬೆರೆತ ನನ್ನ ಕನ್ನಡವನ್ನು ಅವರು ಅಣಕಿಸುತ್ತಿದ್ದರು. ಹೀಗಾಗಿ ಪಠ್ಯಪುಸ್ತಕದಲ್ಲಿರುವಂತೆ ಮಾತನಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಉದ್ಯೋಗಕ್ಕೆ ಸೇರುವಾಗ ಮನಸ್ಸಿನಲ್ಲೇ ಒಂದು ತೀರ್ಮಾನವನ್ನೂ ಮಾಡಿದ್ದೆ: ಕೆಲಸದವರೊಂದಿಗೆ ತುಳು ಮಾತನಾಡಬಾರದು. ತುಳುವಿನಲ್ಲಿ ಎರಡು ಮಾತಾದರೆ ಊರು ಯಾವುದು, ತಂದೆ ಯಾರು ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಕಲ್ಲು ಕಡಿಯುವವರ ಮಗನ ಮಾತಿಗೆ ಬೆಲೆ ಇರುತ್ತದೆಯೇ ಎಂಬುದು ನನ್ನ ಅಳುಕು.

ಗಣಿಗಾರಿಕೆ ಎಂದೊಡನೆ ಲಾರಿ, ಧೂಳು ಕಣ್ಣಿಗೆ ಬರುತ್ತವೆ. ವಾಸ್ತವದಲ್ಲಿ ಮೊದಲ ಲಾರಿ ಹೊರಡುವ ಮೊದಲು ವರ್ಷಗಳ ಕೆಲಸವಿರುತ್ತದೆ. ನಕ್ಷೆ ತಯಾರಿಸಬೇಕು, ನೆಲ ಕೊರೆಯಬೇಕು, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು, ನಿಕ್ಷೇಪದ ಪ್ರಮಾಣವನ್ನು ಅಂದಾಜು ಮಾಡಬೇಕು. ಅದು ಲಾಭದಾಯಕವೆಂದು ಕಂಡರೆ ಮಾತ್ರ ಗಣಿ ಯೋಜನೆ, ಪರಿಸರ ಅನುಮತಿ, ಯಂತ್ರಗಳ ಖರೀದಿ. ಇವೆಲ್ಲಕ್ಕೂ ಬುಡದಲ್ಲಿರುವುದು ಕೋರ್. ಡ್ರಿಲ್ಲಿಂಗ್ ಯಂತ್ರವು ನೆಲವನ್ನು ಕೊರೆದು ಮೇಲೆತ್ತುವ, ಮಣಿಕಟ್ಟಿನಷ್ಟು ದಪ್ಪದ ಕೋಲಿನಂತಹ ಕಲ್ಲಿನ ತುಂಡುಗಳಿಗೆ ಆ ಹೆಸರು. ಅವುಗಳನ್ನು ಆಳದ ಕ್ರಮದಲ್ಲಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ, ಪರಿಶೀಲಿಸಿ, ಉದ್ದಕ್ಕೆ ಎರಡಾಗಿ ಸೀಳಿ, ಒಂದು ಭಾಗವನ್ನು ವಿಶ್ಲೇಷಣೆಗೆ ಕಳುಹಿಸಿ ಇನ್ನೊಂದನ್ನು ಉಳಿಸಿಕೊಳ್ಳುತ್ತೇವೆ.

ಪೆಟ್ಟಿಗೆಗಳನ್ನು ಇಡಲು ಗುಡ್ಡದ ತಪ್ಪಲಲ್ಲಿ ಶೀಟಿನ ಶೆಡ್ ಕಟ್ಟಿಸಿದ್ದೆವು. ಅಲ್ಲಿನ ಕೆಲಸಕ್ಕೆ ನಾಲ್ವರು ಮಹಿಳೆಯರಿದ್ದರು. ಅವರಲ್ಲಿ ಹಿರಿಯರು ಕುಸುಮಕ್ಕ. ಸುಮಾರು ಐವತ್ತು ವರ್ಷ ಪ್ರಾಯದವರು. ಹಿಂದೆ ಹನ್ನೆರಡು ವರ್ಷ ಅದೇ ಗುಡ್ಡದ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊತ್ತವರು. ಮೊದಲ ದಿನವೇ ನಾನು ಅವರನ್ನು ಸಾಲಾಗಿ ನಿಲ್ಲಿಸಿ ಹೇಳಿದೆ: “ಪ್ರತಿಯೊಂದು ತುಂಡನ್ನೂ ಶುದ್ಧ ನೀರಿನಿಂದ ಸಂಪೂರ್ಣವಾಗಿ ತೊಳೆದು, ಕ್ರಮಬದ್ಧವಾಗಿ ಜೋಡಿಸತಕ್ಕದ್ದು.”

ಕುಸುಮಕ್ಕ ಏನೋ ಕೇಳಲು ಬಾಯಿ ತೆರೆದರು. ಮತ್ತೆ ಸೆರಗು ಸರಿಮಾಡಿಕೊಂಡು “ಆಯ್ತು ಸರ್” ಎಂದರು. ನಮ್ಮ ಕಡೆ ಕನ್ನಡವೆಂದರೆ ಶಾಲೆಯ ಮಾತು, ತಾಲೂಕು ಕಚೇರಿಯ ಮಾತು. ಆ ಭಾಷೆಯಲ್ಲಿ ಬಂದ ಆದೇಶಕ್ಕೆ ಯಾರೂ ಎದುರಾಡುವುದಿಲ್ಲ. ಇದನ್ನು ಚೆನ್ನಾಗಿ ತಿಳಿದಿದ್ದರಿಂದಲೇ ನಾನು ಹಾಗೆ ಮಾತನಾಡಿದ್ದು.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹದಿನಾಲ್ಕು ರಂಧ್ರಗಳನ್ನು ಕೊರೆದೆವು. ಕೋರ್ ತೊಳೆದು ಸಾಲಾಗಿ ಇಟ್ಟ ಪೆಟ್ಟಿಗೆಗಳು ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿದ್ದವು. ಪ್ರಯೋಗಾಲಯದ ಫಲಿತಾಂಶವೂ ಚೆನ್ನಾಗಿ ಬಂತು: ಮೇಲ್ಪದರದಲ್ಲಿ ಕಬ್ಬಿಣದ ಅಂಶ ಸರಾಸರಿ ಶೇಕಡಾ ಐವತ್ತಾರು. ಅದಿರಿನಲ್ಲಿ ಯಾರಿಗೂ ಬೇಡವಾದ ಅಲ್ಯೂಮಿನಾ, ಅಂದರೆ ಜೇಡಿಮಣ್ಣಿನಿಂದ ಬರುವ ಕಲ್ಮಶ, ಶೇಕಡಾ ಐದರ ಒಳಗೆ. ನನ್ನ ಮೇಲಧಿಕಾರಿ ಪಾಟೀಲ ಸರ್ ಹೊಸಪೇಟೆಯ ಕಚೇರಿಯಿಂದಲೇ ಕೆಲಸ ನೋಡಿಕೊಳ್ಳುತ್ತಿದ್ದರು. ಅವರು ಫೋನಿನಲ್ಲಿ “ಚೊಲೋ ಕೆಲಸ ಮಾಡೀರಿ” ಎಂದರು. ವರದಿಯ ಕರಡನ್ನು ಮನೆಗೆ ಒಯ್ದು ತಂದೆಯವರಿಗೆ ತೋರಿಸಿದೆ. ಇಂಗ್ಲಿಷ್ ಓದಲು ಬಾರದ ಅವರು ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು.

ಮಾರ್ಚ್ ಕೊನೆಯ ಸೋಮವಾರ ಕಂಪನಿಯ ನಿರ್ದೇಶಕರ ಸಭೆ ನಿಗದಿಯಾಗಿತ್ತು. ನನ್ನ ವರದಿಯನ್ನು ಆಧರಿಸಿ ಜಮೀನಿನ ಒಪ್ಪಂದಕ್ಕೆ ಸಹಿ ಬೀಳುವುದಿತ್ತು. ಗುಡ್ಡದ ಒಡೆಯರು ಬ್ಯಾರಿ ಮುಸ್ಲಿಂ ಸಮುದಾಯದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಹಾಜಿಯವರು ಎಂದೇ ಕರೆಯುತ್ತಿದ್ದರು. ಅದೇ ಗುಡ್ಡದ ಕೆಳಬದಿಯಲ್ಲಿ ಅವರ ಕೆಂಪುಕಲ್ಲಿನ ಕೋರೆ ನಡೆಯುತ್ತಿತ್ತು. ಹನ್ನೊಂದು ಮಂದಿಗೆ ಅದರಲ್ಲಿ ಕೆಲಸ. ಒಪ್ಪಂದವಾದ ಮರುದಿನದಿಂದ ಅದನ್ನು ಮುಚ್ಚಬೇಕೆಂಬುದು ಷರತ್ತು. ಹಿಂದಿನ ಗುರುವಾರ ಹಾಜಿಯವರು ಕಚೇರಿಯ ಮೆಟ್ಟಿಲು ಹತ್ತಿ ಬಂದರು.

“ನೋಡಿ ಸರ್, ಕಲ್ಲು ಕೊಡುವುದು ಒಂದು ವರ್ಷ ನಿಲ್ಲಿಸಿದರೆ ಗಿರಾಕಿ ಬೇರೆ ಕೋರೆಗೆ ಹೋಗ್ತಾನೆ. ಮತ್ತೆ ಕರೆದರೆ ಬರುವುದಿಲ್ಲ. ನಿಮ್ಮ ಕಂಪನಿಯನ್ನು ನಾನು ಕೇಳುವುದಿಲ್ಲ, ನಿಮ್ಮನ್ನು ಕೇಳ್ತೇನೆ. ಲೆಕ್ಕ ಸರಿ ಉಂಟಲ್ಲ?”

“ಖಂಡಿತವಾಗಿಯೂ ಸರಿಯಾಗಿದೆ” ಎಂದೆ.

“ಹಾಗಾದರೆ ಆಯ್ತು” ಎಂದು ಅವರು ಚಹಾ ಕುಡಿದು ಇಳಿದು ಹೋದರು.

ಮರುದಿನ ಶುಕ್ರವಾರ, ಸಭೆಗೆ ತೋರಿಸಲು ಕೆಲವು ಪೆಟ್ಟಿಗೆಗಳನ್ನು ಆರಿಸಲು ಶೆಡ್ಡಿಗೆ ಹೋದೆ. ಅಟ್ಟಿಯ ಮೇಲಿನಿಂದ ಒಂದನ್ನು ಎಳೆಯುವಾಗ ಅದು ಕೈಜಾರಿ ನೇರವಾಗಿ ಕಾಲಿನ ಮೇಲೆ ಬಿತ್ತು. ಐದು ತಿಂಗಳಿನಿಂದ ಕಾಪಾಡಿಕೊಂಡು ಬಂದ ಶುದ್ಧ ಕನ್ನಡ ಆ ಕ್ಷಣದಲ್ಲಿ ನೆರವಿಗೆ ಬರಲಿಲ್ಲ. “ಅಯ್ಯೋ ಅಪ್ಪೇ!” ಎಂದು ಕೂಗಿದೆ. ಅಪ್ಪೆ ಎಂದರೆ ತುಳುವಿನಲ್ಲಿ ತಾಯಿ. ಮುಂದೆಯೂ ಎರಡು ಮಾತು ತುಳುವಿನಲ್ಲಿ ಬಂದವು, ಅವು ಮುದ್ರಿಸತಕ್ಕವಲ್ಲ.

ನಾಲ್ವರೂ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ಕುಸುಮಕ್ಕ ನೀರಿನ ಬಾಲ್ದಿ ತಂದು ಕಾಲಿಗೆ ನೀರು ಹೊಯ್ದರು. ನಗು ತಡೆಯಲು ಅವರಿಗೆ ಕಷ್ಟವಾಗುತ್ತಿತ್ತು. ಅವರ ತುಳುವನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವು ನಮ್ಮವರೇ ಅಲ್ವಾ ಮಾರಾಯ್ರೆ? ನೀವು ಶಿವಮೊಗ್ಗದ ಕಡೆಯವರು ಅಂತ ನಾವು ಎಣಿಸಿದ್ದು. ಯಾವ ಊರು?”

ಹೇಳಿದೆ. ತಂದೆಯವರ ಕೆಲಸವನ್ನೂ ಕೇಳಿದರು. ಕಾಲು ನೋಯುತ್ತಿದ್ದುದರಿಂದಲೋ ಏನೋ, ಅದನ್ನೂ ಹೇಳಿದೆ.

ಕುಸುಮಕ್ಕ ಬಾಲ್ದಿಯನ್ನು ಕೆಳಗಿಟ್ಟರು. “ಕಲ್ಲು ಕಡಿಯುವವರ ಮಗನಾಗಿ ಇದನ್ನು ಯಾಕೆ ತೊಳೆಸಿದ್ದು? ನನಗೆ ಮೊದಲ ದಿನದಿಂದ ಅದೇ ಯೋಚನೆ.”

“ಯಾಕೆ ಅಂದರೆ?”

“ಮುರಕಲ್ಲಿನ ಹೊಟ್ಟೆಯಲ್ಲಿ ಶೇಡಿ ಇರುವುದಲ್ವಾ? ನೀರು ಹಾಕಿದರೆ ಅದು ನಿಲ್ತದಾ? ಅರ್ಧ ಕಲ್ಲು ಹಿಂದಿನ ಆ ನೀರಿನ ಗುಂಡಿಗೆ ಹೋಗಿದೆ. ಸಂದು ಬಿದ್ದ ಕಡೆಯೆಲ್ಲ ನಾವು ತುಂಡುಗಳನ್ನು ಒತ್ತಿ ಒತ್ತಿ ಜೋಡಿಸಿದ್ದು. ಸಾಲು ಚಂದ ಕಾಣಬೇಕು ಅಂತ ನೀವೇ ಹೇಳಿದ್ದಲ್ವಾ?”

ಶೇಡಿ ಎಂದರೆ ಮುರಕಲ್ಲಿನ ನಡುವೆ ಮತ್ತು ಕೆಳಗೆ ಸಿಗುವ ಮೆತ್ತಗಿನ ಜೇಡಿ. ಅದನ್ನು ನಾನು ಬಾಲ್ಯದಿಂದ ಬಲ್ಲೆ. ಬಾಲ್ಯದಲ್ಲಿ ಅದರಲ್ಲಿ ಆಡಿದ್ದೇನೆ. ಆದರೆ ಕಾಲೇಜಿನಲ್ಲಿ ಓದಿದ ಪುಸ್ತಕದಲ್ಲಿ ‘ಪರಿಶೀಲನೆಗೆ ಮೊದಲು ಕೋರನ್ನು ತೊಳೆಯಬೇಕು’ ಎಂದಿತ್ತು. ಆ ಮಾತು ಗಟ್ಟಿ ಕಲ್ಲಿಗೆ ಅನ್ವಯಿಸುತ್ತದೆ. ತಪ್ಪಾಗಬಾರದೆಂಬ ಆತಂಕದಲ್ಲಿ ನಾನು ಪುಸ್ತಕವನ್ನು ಹಿಡಿದುಕೊಂಡು ಮನೆಯಲ್ಲಿ ಕಲಿತದ್ದನ್ನು ಬಿಟ್ಟಿದ್ದೆ.

ಶೆಡ್ಡಿನ ಹಿಂದೆ ನೀರು ಇಂಗಲು ತೋಡಿದ ಗುಂಡಿಯನ್ನು ನೋಡಿದೆ. ಮೊಣಕಾಲೆತ್ತರಕ್ಕೆ ಹಳದಿ ಮಿಶ್ರಿತ ಕೆಂಪು ಕೆಸರು. ಟೇಪು ತಂದು ಒಂದೊಂದೇ ಪೆಟ್ಟಿಗೆಯನ್ನು ಅಳೆದೆವು. ಕುಸುಮಕ್ಕ ತುದಿ ಹಿಡಿದರು. ಮೂರು ಮೀಟರ್ ಎಂದು ಗುರುತಿದ್ದಲ್ಲಿ ಎರಡು ಮೀಟರ್ ಹತ್ತು ಸೆಂಟಿಮೀಟರ್ ಕೋರ್ ಇತ್ತು. ಇನ್ನೊಂದರಲ್ಲಿ ಎರಡಕ್ಕೂ ಕಡಿಮೆ. ಈ ಅಳತೆಯನ್ನು ತೊಳೆಯುವ ಮೊದಲೂ ನಂತರವೂ ನಾನೇ ತೆಗೆಯಬೇಕಿತ್ತು. ಯಂತ್ರದವರು ಬರೆದುಕೊಟ್ಟ ಚೀಟಿಯ ಅಂಕಿಯನ್ನೇ ನಕಲು ಮಾಡಿದ್ದೆ. ಅಂದರೆ ಜೇಡಿಯನ್ನು ನೀರಿಗೆ ಬಿಟ್ಟು, ಉಳಿದ ಗಟ್ಟಿ ಅದಿರನ್ನಷ್ಟೇ ಪ್ರಯೋಗಾಲಯಕ್ಕೆ ಕಳುಹಿಸಿ, ಇಡೀ ಗುಡ್ಡವೇ ಹಾಗಿದೆ ಎಂದು ವರದಿ ಬರೆದಿದ್ದೆ.

ಮೂರು ಗಂಟೆಗೆ ಕಚೇರಿಗೆ ಬಂದು ಕುಳಿತೆ. ಸುಮ್ಮನಿದ್ದರೆ ಸೋಮವಾರ ವರದಿ ಅಂಗೀಕಾರವಾಗುತ್ತದೆ, ಮುಂದಿನ ತಿಂಗಳು ನನ್ನ ನೌಕರಿ ಕಾಯಂ ಆಗುತ್ತದೆ, ಹಾಜಿಯವರ ಕೋರೆ ಮುಚ್ಚುತ್ತದೆ. ಕೆಸರಿನ ಗುಂಡಿಯನ್ನು ಯಾರೂ ನೋಡುವುದಿಲ್ಲ. ಹೇಳಿದರೆ ಮೊದಲು ಹೋಗುವುದು ನನ್ನ ಕೆಲಸ. ಅರ್ಧ ಗಂಟೆ ಫೋನನ್ನು ಮುಂದಿಟ್ಟುಕೊಂಡು, ಹೇಳಬೇಕಾದ ವಾಕ್ಯಗಳನ್ನು ಕಾಗದದ ಮೇಲೆ ಬರೆದು ತಿದ್ದಿದೆ. “ಖಂಡಿತವಾಗಿಯೂ” ಎಂದು ಹಾಜಿಯವರಿಗೆ ಹೇಳಿದ ಮಾತು ನಡುನಡುವೆ ನೆನಪಾಗುತ್ತಿತ್ತು. ಪಾಟೀಲ ಸರ್ ಫೋನ್ ಎತ್ತಿದಾಗ ಆ ಕಾಗದವನ್ನು ನೋಡದೆ ಎಲ್ಲವನ್ನೂ ಹೇಳಿದೆ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ತೊಳೀಬ್ಯಾಡ್ರಿ ಅಂತ ಹೇಳವ್ರು ಒಬ್ರೂ ಇದ್ದಿಲ್ಲೇನ್ರಿ ಅಲ್ಲಿ?”

“ಇದ್ದರು ಸರ್. ಅವರು ಹೇಳದಂತೆ ನಾನು ಮಾತನಾಡಿದೆ.”

“ಹೂಂ. ನಮ್ಮ ಬಳ್ಳಾರಿ ಕಲ್ಲು ತೊಳೆದ್ರ ಏನೂ ಆಗೂದಿಲ್ಲ. ಹಂಗಾಗಿ ನಾನೂ ಕೇಳಲಿಲ್ಲ. ವರದಿ ಕೆಳಗ ನನ್ನ ಸಹಿನೂ ಐತಿ.” ಕೂಡಲೇ ತೀರ್ಮಾನವನ್ನೂ ಹೇಳಿದರು: “ಸೋಮವಾರದ ಸಭಾ ಮುಂದಕ್ಕ ಹಾಕಸ್ತೀನಿ. ಮೂರು ರಂಧ್ರ ಮತ್ತ ಕೊರೀರಿ. ನೀರು ಮುಟ್ಟಿಸಬ್ಯಾಡ್ರಿ.”

ಅದೇ ಸಂಜೆ ಹಾಜಿಯವರ ಮನೆಗೆ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು, ಇನ್ನೂ ಯಾವುದಕ್ಕೂ ಸಹಿ ಹಾಕಬೇಡಿ ಎಂದೆ. ಅವರು ನನ್ನ ಊದಿದ ಕಾಲನ್ನು ನೋಡಿ, “ಮೊದಲು ಕೂತುಕೊಳ್ಳಿ” ಎಂದರು.

ಏಪ್ರಿಲಿನಲ್ಲಿ ಹಳೆಯ ರಂಧ್ರಗಳ ಪಕ್ಕದಲ್ಲೇ, ಎರಡು ಮೀಟರ್ ಅಂತರದಲ್ಲಿ, ಮೂರು ಹೊಸ ರಂಧ್ರಗಳನ್ನು ಕೊರೆದೆವು. ನೀರಿಲ್ಲದೆ, ಒಂದು ಸಲಕ್ಕೆ ಅರ್ಧ ಮೀಟರಿನಷ್ಟೇ. ಮೇಲೆ ಬಂದ ಕೋರನ್ನು ಕೂಡಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುತ್ತಿದ್ದೆವು. ಶೆಡ್ಡಿನ ಉಸ್ತುವಾರಿ ಕುಸುಮಕ್ಕನದು. ಒಮ್ಮೆ ಯಂತ್ರದವನೊಬ್ಬ ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟಲು ಬಂದಾಗ ಅವರು ಹೇಳಿದ್ದನ್ನು ಕೇಳಿದೆ: “ಕೈ ಒರಸಿ ಬಾ. ಇಲ್ಲದಿದ್ದರೆ ಸರ್ ಮತ್ತೆ ಅಪ್ಪೆಯನ್ನು ಕರೆಯಬೇಕಾಗ್ತದೆ.”

ಮಳೆ ಹಿಡಿಯುವ ಮೊದಲು ಫಲಿತಾಂಶ ಬಂತು. ಕಬ್ಬಿಣ ಶೇಕಡಾ ನಲವತ್ತೇಳು, ಅಲ್ಯೂಮಿನಾ ಹನ್ನೊಂದು. ಆ ಅದಿರನ್ನು ಹಾಗೆಯೇ ಮಾರಲು ಸಾಧ್ಯವಿರಲಿಲ್ಲ. ತೊಳೆದು ಮಾರಬೇಕಾದರೆ ದೊಡ್ಡ ಘಟಕ, ಅಪಾರ ನೀರು, ಕೆಸರು ನಿಲ್ಲಿಸಲು ಇನ್ನಷ್ಟು ಜಮೀನು ಬೇಕಾಗುತ್ತಿತ್ತು. ನಿರ್ದೇಶಕರು ಯೋಜನೆಯನ್ನು ಕೈಬಿಟ್ಟರು. ನನ್ನ ನೌಕರಿ ಹೋಗಲಿಲ್ಲ. ಪ್ರೊಬೇಷನನ್ನು ಆರು ತಿಂಗಳು ಮುಂದುವರಿಸಿ ಬೇರೆ ಜಿಲ್ಲೆಗೆ ಕಳುಹಿಸಿದರು. ಶೆಡ್ಡಿನ ನಾಲ್ವರ ಕೆಲಸ ಮಾತ್ರ ಹೋಯಿತು. ಹಾಜಿಯವರು ಕುಸುಮಕ್ಕನನ್ನು ಕೋರೆಯ ಮೇಲ್ವಿಚಾರಣೆಗೆ ಕರೆದುಕೊಂಡರು. ಉಳಿದ ಮೂವರಿಗೆ ಅಲ್ಲಿ ಸ್ಥಳವಿರಲಿಲ್ಲ. ಸತ್ಯ ಹೇಳಿದ್ದರಿಂದ ಎಲ್ಲರಿಗೂ ಒಳಿತಾಯಿತೆಂದು ನಾನು ಬರೆಯಲಾರೆ.

ಎರಡನೆಯ ವರದಿಯಲ್ಲಿ, ಕೋರ್ ನಷ್ಟವನ್ನು ಮೊದಲು ಗಮನಿಸಿದವರೆಂದು ಕುಸುಮಕ್ಕನ ಪೂರ್ಣ ಹೆಸರನ್ನು ಸೇರಿಸಿದೆ. ಪಾಟೀಲ ಸರ್ ಅನೇಕ ಸಾಲುಗಳನ್ನು ಹೊಡೆದುಹಾಕಿದರು. ಆ ಹೆಸರನ್ನು ಮಾತ್ರ ಹಾಗೆಯೇ ಉಳಿಸಿದರು.

ಈ ವೃತ್ತಿಯಲ್ಲಿ ಉಪಕರಣಗಳ ತಪ್ಪನ್ನು ಕಂಡುಹಿಡಿಯಲು ಅನೇಕ ವಿಧಾನಗಳಿವೆ. ಆದರೆ ಆದೇಶ ಕೊಡುವವನ ತಪ್ಪು ಬಯಲಾಗಬೇಕಾದರೆ ಆದೇಶ ಕೇಳುವವರಿಗೆ ಮರುಪ್ರಶ್ನೆ ಹಾಕುವ ಧೈರ್ಯವಿರಬೇಕು; ಆ ಧೈರ್ಯವನ್ನು ಅವರಿಗೆ ಕೊಡುವ ಹೊಣೆ ಆದೇಶ ಕೊಡುವವನದೇ. ಈಗ ಯಾವ ಊರಿನಲ್ಲಿ ಕೆಲಸವಾದರೂ, ಮೊದಲ ದಿನ ಶೆಡ್ಡಿನಲ್ಲಿ ಕುಳಿತು, ಇಲ್ಲಿಯ ಕಲ್ಲಿನ ಗುಣವೇನು ಎಂದು ಅಲ್ಲಿಯವರನ್ನೇ ಕೇಳುತ್ತೇನೆ. ನನ್ನ ತಂದೆ ಕಲ್ಲು ಕಡಿಯುತ್ತಿದ್ದರೆಂಬುದನ್ನೂ ಆಗಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ರಜೆಯಲ್ಲಿ ಬಂದಾಗ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಕುಸುಮಕ್ಕ ಸಿಕ್ಕಿದರು. ಬೆಳ್ತಂಗಡಿಯ ಬಸ್ಸಿಗೆ ಕಾಯುತ್ತಿದ್ದರು. ದೂರದಿಂದಲೇ ತುಳುವಿನಲ್ಲಿ ಕೇಳಿದರು: “ಏನು ಸರ್, ಈಗಲೂ ತೊಳೆಸುವುದು ಉಂಟಾ?”

“ಕೇಳಿ ತೊಳೆಸ್ತೇನೆ ಕುಸುಮಕ್ಕ.”

“ಯಾರ ಹತ್ತಿರ ಕೇಳುವುದು?”

“ತೊಳೆಯುವವರ ಹತ್ತಿರ” ಎಂದೆ. ಬಸ್ಸು ಬಂತು. ಅವರು ಹತ್ತುವವರೆಗೆ ಹಿಡಿದುಕೊಳ್ಳಲು ತಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, “ಕಾಲಿನ ಮೇಲೆ ಹಾಕಿಕೊಳ್ಳಬೇಡಿ” ಎನ್ನುತ್ತಾ ಮುಂದಿನ ಬಾಗಿಲಿನಿಂದ ಹತ್ತಿದರು.